ಬಿತ್ತೋ, ಬೀಳಿಸಿದ್ರೋ?

ಅವರ ಬೆರಳ ತುದಿಗಳು ಹಿತಕಿದ ಅವರೆಬೇಳೆಯಂತೆ ಬಿಳಿಚಿಕೊಂಡು, ಊದಿಕೊಂಡಿದ್ದವು. ಬಲಗೈಯ ಉಂಗುರದ ಬೆರಳಿಗೆ ಉಗುರೇ ಇರಲಿಲ್ಲ. ಎಂಟನೇ ವಯಸ್ಸಿನಿಂದ ಕುದಿಯುವ ನೀರಿನೊಳಗೆ ಕೈಯಿಟ್ಟು ರೇಷ್ಮೆಗೂಡಿನ ಎಳೆ ಹುಡುಕಿದ ಕೈಗಳು ಅವು. ಆ ಕೈ ಕೆನ್ನೆಗೆ ಬಿದ್ದರೆ ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಂಥ ಸದ್ದು ಬರುತ್ತಿತ್ತು. ನನಗೆ ಗೊತ್ತು, ತಿಂದಿದ್ದೇನೆ.

ಶಿಡ್ಲಘಟ್ಟದಲ್ಲಿ ಮದುವೆಯಾಗಿ ನಾನು ಬಂದು ಸೇರಿದ ಮನೆಯ ಎದುರು ಮನೆ ಅವರದು. ಬೀದಿಯವರೆಲ್ಲ ಅವರನ್ನು ಖಾಲಾ ಎನ್ನುತ್ತಿದ್ದರು, ಚಿಕ್ಕಮ್ಮ ಎಂದು ಅದರರ್ಥ. ನಾನೂ ಹಾಗೇ ಕರೆದೆ. ಅವರ ಗಂಡ ಟೈಪ್‌ರೈಟರ್ ಮೆಕ್ಯಾನಿಕ್ ಆಗಿದ್ದರಂತೆ. ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಚಿಕ್ಕಬಳ್ಳಾಪುರದವರೆಗೂ ಕಚೇರಿ, ಶಾಲೆಗಳ ಯಂತ್ರ ಸರಿಮಾಡಿ ಬರುತ್ತಿದ್ದ ಮನುಷ್ಯ. ಅವರು ತೀರಿಕೊಂಡ ಮೇಲೆ ಖಾಲಾ ನೂಲು ತೆಗೆಯುವ ಕೆಲಸ ಬಿಟ್ಟು ಆ ಚೀಲವನ್ನು ತಾವೇ ಬಿಚ್ಚಿದರು. ಹೆಂಗಸು, ಅದೂ ಅಕ್ಷರ ಬಾರದವರು, ಅಕ್ಷರದ ಯಂತ್ರ ರಿಪೇರಿ ಮಾಡುವುದೇ ಎಂದು ಊರು ನಕ್ಕಿತು. ನಕ್ಕವರೇ ಆರು ತಿಂಗಳಿಗೆ ಯಂತ್ರ ಹೊತ್ತು ತಂದರು. ತೊಂಬತ್ತರ ನಂತರ ಕಂಪ್ಯೂಟರ್ ಬಂತು, ಜೊತೆಗೆ ಪ್ರಿಂಟರ್ ಬಂತು, ಅದನ್ನೂ ಬಿಚ್ಚಿ ನೋಡಿ ಕಲಿತುಬಿಟ್ಟರು.

"ಗೂಡಿನ ಎಳೆ ಕಣ್ಣಿಗೆ ಕಾಣಲ್ಲ ಕಣಮ್ಮಾ, ಬೆರಳಿಗೆ ಕಾಣುತ್ತೆ. ಇದ್ರೊಳಗೆ ಅಕ್ಷರ ಕುಟ್ಟೋ ಪಿನ್ನೂ ಹಂಗೇ" ಅನ್ನುತ್ತಿದ್ದರು.

ಕೋಪವಂತೂ ಕೇಳಬೇಡಿ. ನಲ್ಲಿಯ ಹತ್ತಿರ ಕೊಡ ಮುಂದೆ ಸರಿಸಿದವಳ ಕೊಡವನ್ನು ಚಪ್ಪಡಿಗೆ ಕುಕ್ಕಿ ಸೊಟ್ಟ ಮಾಡಿದವರು. ಹೆಂಗಸರ ಮೇಲೆ ಬಾಯಿ ಮಾಡಿದ ಕಲಾಯಿಯವನಿಗೆ ಅವನದೇ ಇಕ್ಕಳ ತೆಗೆದು ಬಾರಿಸಿದವರು. ಜಗಳವಾಡುವಾಗ ಕನ್ನಡ, ತೆಲುಗು, ಉರ್ದು ಮೂರೂ ಒಟ್ಟಿಗೆ ಬರುತ್ತಿದ್ದವು. ಬೈಗುಳಕ್ಕೆ ತೆಲುಗೇ ಚೆನ್ನ ಎಂಬುದು ಅವರ ಅಭಿಪ್ರಾಯ. ಆದರೆ ಯಂತ್ರಕ್ಕೆ ಯಾವತ್ತೂ ಕೈ ಎತ್ತಿದವರಲ್ಲ. ಯಾರಾದರೂ ಪ್ರಿಂಟರಿನ ತಲೆ ಮೇಲೆ ಪಟಪಟ ತಟ್ಟಿದರೆ, ಅದೇ ಲಯದಲ್ಲಿ ಅವನ ತಲೆ ಮೇಲೂ ತಟ್ಟುತ್ತಿದ್ದರು.

ರಿಪೇರಿಗೆ ಒಂದು ನೇಮ ಇಟ್ಟುಕೊಂಡಿದ್ದರು. ಯಂತ್ರ ತಂದವರು ಏನಾಯಿತೆಂದು ನಿಜ ಹೇಳುವವರೆಗೆ ಸ್ಕ್ರೂಡ್ರೈವರ್ ಮುಟ್ಟುತ್ತಿರಲಿಲ್ಲ. ಮೊದಲ ಪ್ರಶ್ನೆಯೇ "ಬಿತ್ತೋ, ಬೀಳಿಸಿದ್ರೋ?" ಎಂಬುದು. ಕಾಫಿ ಚೆಲ್ಲಿದವರು ಮಳೆ ನೀರು ಎನ್ನುತ್ತಿದ್ದರು. ಮಗುವಿನ ಕೈಗೆ ಕೊಟ್ಟವರು ಇಲಿ ಎನ್ನುತ್ತಿದ್ದರು. ಖಾಲಾ ಎಲೆ ಅಡಿಕೆ ಹಾಕಿಕೊಂಡು ಕಾಯುತ್ತಾ ಕೂರುತ್ತಿದ್ದರು, ಹೇಳಿ ಮುಗಿಸಲಿ ಎಂದು.

ದಿಬ್ಬೂರಹಳ್ಳಿ ಕಡೆಯ ಒಬ್ಬ ಮೇಷ್ಟ್ರು ಒಂದು ಸಲ ಪ್ರಿಂಟರ್ ತಂದರು. ಮನೆಯಲ್ಲಿ ರೇಷ್ಮೆಹುಳು ಸಾಕುವವರು. "ಏನೂ ಮಾಡ್ಲಿಲ್ಲ ಖಾಲಾ, ತಾನಾಗೇ ನಿಂತ್ಹೋಯ್ತು" ಎಂದರು. ಖಾಲಾ ಮುಚ್ಚಳ ಎತ್ತಿ ಮೂಸಿದರು. ಕಣ್ಣಲ್ಲಿ ನೀರು ಬಂತು. ಹುಳು ಸಾಕುವವರು ಪ್ರತಿ ಬೆಳೆಗೆ ಮುಂಚೆ ರೋಗ ಬಾರದಿರಲೆಂದು ಕೋಣೆಗೆಲ್ಲ ಫಾರ್ಮಾಲಿನ್ ಹೊಡೆದು ಬಾಗಿಲು ಬಿಗಿಯುತ್ತಾರಲ್ಲ, ಆ ವಾಸನೆ. ಮುಚ್ಚಳವನ್ನು ಮೇಷ್ಟ್ರ ಮೇಲೆ ಬೀಸಿ ಒಗೆದರು. ಕಿವಿಗೆ ತಗುಲಿ ರಕ್ತ ಬಂತು.

"ತಾನಾಗೇ ಯಾವ ಮೆಷೀನೂ ಸಾಯಲ್ಲ ರೀ! ಏನ್ ಮಾಡಿದ್ರಿ, ಹೇಳ್ರಿ!"

ಮೇಷ್ಟ್ರು ಕಿವಿ ಹಿಡಿದುಕೊಂಡು ಒಪ್ಪಿಕೊಂಡರು. ಕೋಣೆಗೆ ಔಷಧಿ ಹೊಡೆಯುವಾಗ ಪ್ರಿಂಟರನ್ನು ಅಲ್ಲೇ ಬಿಟ್ಟಿದ್ದರು. ಬಿಟ್ಟಿದ್ದಷ್ಟೇ ಅಲ್ಲ, ಮುಚ್ಚಳ ತೆಗೆದು ಒಳಕ್ಕೂ ನಾಲ್ಕು ಸಲ ಹೊಡೆದಿದ್ದರು, ಅದಕ್ಕೂ ಏನೂ ಬಾರದಿರಲಿ ಎಂದು! ಖಾಲಾ ತಕ್ಷಣ ತಣ್ಣಗಾದರು. ಮೇಷ್ಟ್ರ ಕಿವಿಗೆ ಅರಿಸಿನ ಒತ್ತಿ, ಟೀ ತರಿಸಿ, ಪಿನ್ನುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡಿದರು. ಅದು ಉಳಿಯಲಿಲ್ಲ. ಅದರ ಒಳ್ಳೆಯ ಭಾಗಗಳನ್ನು ಡಬ್ಬಿಯಲ್ಲಿ ಹಾಕಿಟ್ಟರು.

ಈಗ ನನ್ನ ಕಥೆಗೆ ಬರುತ್ತೇನೆ. ನನ್ನ ಗಂಡ ಗೂಡಿನ ಮಾರುಕಟ್ಟೆಯಲ್ಲಿ ದಲ್ಲಾಳಿ. ಹೊಡೆಯುವವನು. ಸಾರಿಗೆ ಉಪ್ಪು ಹೆಚ್ಚಾದರೂ ಹೊಡೆದ, ಕಮ್ಮಿಯಾದರೂ ಹೊಡೆದ. ಟೈಪಿಂಗ್ ಕಲಿತವಳು ನಾನು, ಹೊರಗೆ ಕೆಲಸಕ್ಕೆ ಹೋಗುವುದು ಬೇಡವೆಂದ. ಗೌರಿಬಿದನೂರಿನ ನನ್ನಣ್ಣ ತಾನು ಬಳಸಿದ ಒಂದು ಕಂಪ್ಯೂಟರ್ ತಂದುಕೊಟ್ಟು, "ಮನೇಲೇ ಕೂತು ಸ್ಕೂಲುಗಳ ಪ್ರಶ್ನೆಪತ್ರಿಕೆ ಮಾಡಿಕೊಡು, ಪ್ರಿಂಟರ್ ಮಾತ್ರ ನೋಡಿ ತಗೋ" ಎಂದ. ನನ್ನ ಕಾಲ ಮೇಲೆ ನಾನು ನಿಲ್ಲುವ ದಾರಿ ಅದೊಂದೇ ಇತ್ತು. ಅದು ನನಗೂ ಗೊತ್ತಿತ್ತು, ಗಂಡನಿಗೂ ಗೊತ್ತಿತ್ತು.

ಖಾಲಾರನ್ನು ಕರೆದುಕೊಂಡು ಚಿಕ್ಕಬಳ್ಳಾಪುರದ ಅಂಗಡಿಗೆ ಹೋದೆ. ಅಂಗಡಿಯವನು ಬೆಳ್ಳಗೆ ಹೊಳೆಯುವ, ಸದ್ದೇ ಮಾಡದ, ಶಾಯಿ ಚಿಮ್ಮಿಸುವ ಹೊಸ ಬಗೆಯ ಪ್ರಿಂಟರ್ ತೋರಿಸಿದ. ನನ್ನ ಮನಸ್ಸು ಅಲ್ಲೇ ನಿಂತುಬಿಟ್ಟಿತು.

"ಬೆಳ್ಳಗಿರೋದೆಲ್ಲ ಹಾಲಲ್ಲ" ಎಂದರು ಖಾಲಾ. "ಏನಪ್ಪಾ, ಇದನ್ನ ಬಿಚ್ಚು."

"ಬಿಚ್ಚಕ್ಕಾಗಲ್ಲ ಅಮ್ಮಾ. ಕೆಟ್ರೆ ಕಂಪನಿಗೆ ಕಳಿಸ್ಬೇಕು."

"ಬಿಚ್ಚಕ್ಕಾಗದೇ ಇರೋದು ಮನೆಗೆ ಬೇಡ. ಇವಳು ಸ್ಟೆನ್ಸಿಲ್ ಕುಯ್ಯೋಳು. ಗುದ್ದೋ ಮೆಷೀನ್ ಬೇಕು ಇವಳಿಗೆ, ಉಗಿಯೋ ಮೆಷೀನ್ ಬೇಡ."

ಮಾತು ಸರಿಯೇ. ಆಗ ಶಾಲೆಗಳಲ್ಲಿ ಪ್ರಶ್ನೆಪತ್ರಿಕೆಯನ್ನು ಮೇಣದ ಸ್ಟೆನ್ಸಿಲ್ ಹಾಳೆಯಲ್ಲಿ ಕೊರೆದು ನೂರಾರು ಪ್ರತಿ ಉರುಳಿಸುತ್ತಿದ್ದರು. ಪಿನ್ನುಗಳಿಂದ ಕುಟ್ಟುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಿಂದ ರಿಬ್ಬನ್ ತೆಗೆದುಬಿಟ್ಟರೆ ಸ್ಟೆನ್ಸಿಲ್ ಅಚ್ಚುಕಟ್ಟಾಗಿ ಕೊರೆಯುತ್ತಿತ್ತು. ಮೂಲೆಯಲ್ಲಿದ್ದ ಅಂಥದೊಂದನ್ನು ಖಾಲಾ ಹೊರಗೆಳೆಸಿದರು. ಅರ್ಧ ಗಂಟೆ ಬಿಡದೆ ಓಡಿಸಿ, ಪಿನ್ನುಗಳಿರುವ, ಬಿಸಿಯಾದ ಹೆಡ್ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ಓಡುತ್ತಿದ್ದಂತೆಯೇ ಬೇಕೆಂದೇ ಹಾಳೆಯನ್ನು ಮಡಚಿ ಒಳಕ್ಕೆ ತುರುಕಿದರು. ಅಂಗಡಿಯವನು ಅಯ್ಯಯ್ಯೋ ಎಂದ. ಯಂತ್ರ ಎರಡು ಸಲ ಗುರುಗುಟ್ಟಿ, ಕೆಂಪು ದೀಪ ಹಾಕಿ ಸುಮ್ಮನೆ ನಿಂತಿತು. ಹಾಳೆ ತೆಗೆದ ಮೇಲೆ ಏನೂ ಆಗದಂತೆ ಮುಂದುವರಿಯಿತು.

"ಸಿಕ್ಕಾಕ್ಕೊಂಡಾಗ ಹೆಂಗೆ ನಡ್ಕೊಳ್ಳುತ್ತೆ ನೋಡ್ಬೇಕು ಕಣೇ. ನಿಮ್ಮಪ್ಪ ನಿನ್ನ ಗಂಡನ್ನೂ ಹಿಂಗೇ ನೋಡಿ ತರಬೇಕಿತ್ತು" ಎಂದು ಎಲ್ಲರೆದುರಿಗೇ ಹೇಳಿದರು. ನನಗೆ ನಗು ಬಂತು, ನಾಚಿಕೆಯೂ ಆಯಿತು.

ಅದನ್ನು ಸಾಕುವುದನ್ನೂ ಅವರೇ ಕಲಿಸಿದರು. ಸ್ಟೆನ್ಸಿಲಿನ ಮೇಣ ಪಿನ್ನಿನ ತುದಿಗೆ ಅಂಟುತ್ತದೆ, ಪ್ರತಿ ಸಲ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಬೇಕು. ಕಾಗದವನ್ನು ಹಿಂದಕ್ಕೆ ಎಳೆಯಬಾರದು. ಕೆಲಸವಿರಲಿ ಬಿಡಲಿ, ದಿನಕ್ಕೊಂದು ಹಾಳೆ ಓಡಿಸಬೇಕು. ಒಂದು ಸಲ ಕಿರಗುಟ್ಟುತ್ತದೆಂದು ಕೊಬ್ಬರಿ ಎಣ್ಣೆ ಬಿಟ್ಟಿದ್ದೆ. "ಏನು, ತಲೆ ಬಾಚಿ ಜಡೆ ಹಾಕ್ತೀಯಾ ಅದಕ್ಕೆ?" ಎಂದು ಸ್ಕ್ರೂಡ್ರೈವರಿನ ಹಿಡಿಯಿಂದ ಗೆಣ್ಣಿಗೆ ಕುಟ್ಟಿದರು. ಒಂದು ವಾರ ಬೆರಳು ಮಡಚಲಾಗಲಿಲ್ಲ, ಆದರೆ ಆಮೇಲೆ ಎಣ್ಣೆಯನ್ನು ಯಾವತ್ತೂ ಹಾಕಲಿಲ್ಲ.

ಕೆಲಸ ಬಂತು. ಮೇಷ್ಟ್ರುಗಳು ಮನೆ ಬಾಗಿಲಿಗೆ ಬಂದು "ಮೇಡಂ ಇದ್ದಾರಾ" ಎಂದು ಕೇಳತೊಡಗಿದರು. ಗಂಡನಿಗೆ ಅದನ್ನು ಸಹಿಸಲಾಗಲಿಲ್ಲ. ಒಂದು ದಿನ ಪ್ರಿಂಟರ್ ಓಡುತ್ತಿರುವಾಗಲೇ ಕಾಗದವನ್ನು ಕಿತ್ತೆಳೆದ. ಎರಡು ಪಿನ್ನು ಮುರಿದವು. ನಾನು ಯಂತ್ರವನ್ನು ಎದುರು ಮನೆಗೆ ಹೊತ್ತೊಯ್ದೆ.

"ಬಿತ್ತೋ, ಬೀಳಿಸಿದ್ರೋ?"

"ಬೆಕ್ಕು ಹಾರ್ತು ಖಾಲಾ."

"ನಿಮ್ಮನೇಲಿ ಬೆಕ್ಕೆಲ್ಲೈತೆ?"

"ಬೀದಿ ಬೆಕ್ಕು."

ಆಗಲೇ ಬಿದ್ದದ್ದು ಆ ಏಟು. ಕಣ್ಣು ಕತ್ತಲಿಟ್ಟಿತು. "ತಗೊಂಡ್ಹೋಗು. ಆ ಬೆಕ್ಕಿನ ಹೆಸರೇನು ಅಂತ ಕೇಳ್ಕೊಂಡು ಬಾ, ಆಮೇಲೆ ಬಿಚ್ತೀನಿ." ಗಂಡನ ಏಟಿಗೆ ಅಳದವಳು ಅವತ್ತು ಬೀದಿಯ ನಡುವೆ ನಿಂತು ಅತ್ತೆ. ಈ ಮುದುಕಿಯ ಹಂಗೇ ಬೇಡವೆಂದು ಚಿಕ್ಕಬಳ್ಳಾಪುರದಲ್ಲಿ ಇನ್ನೊಬ್ಬನಿಗೆ ಕೊಟ್ಟೆ. ಅವನು ಏನೂ ಕೇಳಲಿಲ್ಲ. ಏನೂ ಸರಿಯಾಗಿ ಮಾಡಲೂ ಇಲ್ಲ. ಪ್ರತಿ ಅಕ್ಷರದ ನಡುವೆ ಒಂದು ಬಿಳಿ ಗೆರೆ ಹಾಗೇ ಉಳಿಯಿತು. ಎರಡು ಶಾಲೆಯವರು ಕೆಲಸ ವಾಪಸ್ ಪಡೆದರು.

ಉಳಿದದ್ದು ಒಂದೇ ಶಾಲೆ. ಅದರ ಪರೀಕ್ಷೆಗೆ ನಾಲ್ಕು ದಿನವಿದ್ದಾಗ, ಮಧ್ಯಾಹ್ನ ಮೂರು ಗಂಟೆಗೆ, ಗಂಡ ಮಾರುಕಟ್ಟೆಯಿಂದ ಬಂದ. ಕುಡಿದಿರಲಿಲ್ಲ. ಕುಡಿದಿದ್ದ ಎಂದರೆ ಎಲ್ಲರಿಗೂ ಎಷ್ಟು ಅನುಕೂಲ! ಬೆಳಿಗ್ಗೆ ಬಂದಿದ್ದ ಮೇಷ್ಟ್ರು ಯಾರೆಂದು ಕೇಳಿದ. ಸ್ಟೆನ್ಸಿಲ್ ಅರ್ಧಕ್ಕೆ ಬಂದಿತ್ತು, ನಾನು ತಿರುಗಲಿಲ್ಲ. ಅವನು ವೈರು ಸಮೇತ ಪ್ರಿಂಟರನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿ, ಮೇಜಿನ ಮೇಲಿದ್ದ ನನ್ನ ಎಡಗೈಯ ಮೇಲೆ ಹಾಕಿದ. ಗುರಿ ತಪ್ಪಲಿಲ್ಲ. ಮಣಿಕಟ್ಟು ಮುರಿದದ್ದು ನನಗೆ ಕೇಳಿಸಿತು. ಬಿಳಿ ಮೂಳೆ ಚರ್ಮದೊಳಗಿಂದ ಮೇಲೆದ್ದು ನಿಂತಿತ್ತು. ಅವನು ಚಪ್ಪಲಿ ಮೆಟ್ಟಿ ಹೊರಟುಹೋದ. ಅತ್ತೆ ಅಡುಗೆ ಮನೆಯ ಬಾಗಿಲಲ್ಲಿ ನಿಂತು, "ಜಾರಿ ಬಿದ್ದೆ ಅಂತ ಹೇಳೇ, ಮರ್ಯಾದೆ ಉಳಿಸು" ಎಂದರು.

ಆಸ್ಪತ್ರೆಗೆ ಓಡಬೇಕಿತ್ತು. ಓಡಲಿಲ್ಲ. ಪ್ರಿಂಟರನ್ನು ಬಲಗೈಯಲ್ಲಿ ಸೊಂಟಕ್ಕೆ ಆನಿಸಿಕೊಂಡು ಬೀದಿ ದಾಟಿದೆ. ಯಾಕೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ನಲ್ಲಿಯ ಹತ್ತಿರ ಹತ್ತು ಹದಿನೈದು ಹೆಂಗಸರಿದ್ದರು. ಖಾಲಾ ಜಗಲಿಯ ಮೇಲಿದ್ದರು. ಯಂತ್ರವನ್ನು ನೋಡಿದರು, ನನ್ನ ಕೈ ನೋಡಿದರು. ಓಡಿಬಂದು ಅಪ್ಪಿಕೊಳ್ಳಲಿಲ್ಲ.

"ಬಿತ್ತೋ, ಬೀಳಿಸಿದ್ರೋ?" ಎಂದರು.

"ನನ್ನ ಗಂಡ ಎತ್ತಿ ನನ್ನ ಕೈಮೇಲೆ ಹಾಕ್ದ."

"ಜೋರಾಗಿ ಹೇಳು. ನಂಗೆ ಕಿವಿ ಮಂದ."

ಅವರ ಕಿವಿ ನಾಯಿಯ ಕಿವಿಯಷ್ಟು ಚುರುಕು, ಬೀದಿಗೆಲ್ಲ ಗೊತ್ತು. ನಾನು ಗಂಟಲು ಹರಿಯುವಂತೆ ಕೂಗಿದೆ. ನಲ್ಲಿಯ ಹೆಂಗಸರು ಕೊಡ ಬಿಟ್ಟು ತಿರುಗಿ ನಿಂತರು. ಒಮ್ಮೆ ಕೂಗಿದ ಮೇಲೆ ನಿಲ್ಲಿಸಲಾಗಲಿಲ್ಲ. ಕಾಸಿದ ಸೌಟಿನಲ್ಲಿ ಸುಟ್ಟದ್ದು, ಹೊಟ್ಟೆಗೆ ಒದ್ದು ಬಸಿರು ಇಳಿಸಿದ್ದು, ಎಲ್ಲ ಕೂಗಿದೆ. ಖಾಲಾ ಅಷ್ಟನ್ನೂ ಕೇಳಿ, ಸೆರಗು ಹರಿದು ನನ್ನ ಕೈಗೆ ಕಟ್ಟಿ, ಆಸ್ಪತ್ರೆಗೂ ಅಲ್ಲಿಂದ ಠಾಣೆಗೂ ಕರೆದೊಯ್ದರು. ಪೇದೆ "ಬಿದ್ದಿರ್ಬೇಕಲ್ಲಮ್ಮಾ" ಎಂದ. ಇಲ್ಲ ಎಂದೆ. ಬರೆದುಕೊಂಡ. ಅವತ್ತಿನಿಂದ ನಾನು ಖಾಲಾ ಮನೆಯಲ್ಲೇ ಉಳಿದೆ.

ಐದನೇ ದಿನ ಬೆಳಿಗ್ಗೆ ಗಂಡ ಇಬ್ಬರು ಹಮಾಲರನ್ನು ಕಟ್ಟಿಕೊಂಡು ಬಂದ, ನನ್ನನ್ನು ಎಳೆದೊಯ್ಯಲು. ಒಲೆಯ ಮೇಲೆ ಸ್ನಾನದ ನೀರು ಕುದಿಯುತ್ತಿತ್ತು. ಖಾಲಾ ಹಂಡೆಯನ್ನು ಹೊಸ್ತಿಲಿಗೆ ತಂದಿಟ್ಟರು. ಸೆರಗು ಸಿಕ್ಕಿಸಿಕೊಂಡು, ಮೊಣಕೈವರೆಗೂ ತೋಳನ್ನು ಆ ನೀರಿನೊಳಗೆ ಇಳಿಸಿದರು. ಅವರ ಮುಖ ಕಂದಲಿಲ್ಲ. ತೋಳು ಮಾತ್ರ ಕೆಂಪಗಾಗುತ್ತಾ ಬಂತು.

"ಇಂಥ ನೀರಲ್ಲಿ ನನ್ನ ಕೈ ಇಪ್ಪತ್ತೈದು ವರ್ಷ ಇತ್ತು. ನಿನ್ನ ಮುಖ ಎಷ್ಟೊತ್ತು ಇರುತ್ತೋ ನೋಡಣ, ಬಾರಪ್ಪಾ."

ಹಮಾಲರು ಅಲ್ಲೇ ಹಿಂದೆ ಸರಿದರು. ನನ್ನ ಗಂಡನಿಗೆ ಬುದ್ಧಿ ಎಲ್ಲಿಂದ ಬರಬೇಕು? ಕಾಲು ಮುಂದಿಟ್ಟ. ಖಾಲಾ ಒಂದು ಚೊಂಬು ತುಂಬಿ ಅವನ ಪಾದದ ಮೇಲೆ ಸುರಿದರು. ಚರ್ಮ ಸುಲಿದು ಬಂತು. ಅವನು ಕಿರುಚಿದ ಕಿರುಚಾಟಕ್ಕೆ ನನಗೆ ಸಂತೋಷವಾಯಿತು. ಆದದ್ದನ್ನು ಆದಂತೆಯೇ ಹೇಳಬೇಕಲ್ಲ. ಪೊಲೀಸರು ಬಂದು ಕೇಳಿದಾಗ ಅತ್ತಿತ್ತ ನೋಡದೆ, "ಚೆಲ್ಲಿದ್ದಲ್ಲ ಸ್ವಾಮಿ, ನಾನೇ ಹಾಕಿದ್ದು" ಎಂದರು. ಅದಕ್ಕಾಗಿ ಹನ್ನೊಂದು ದಿನ ಒಳಗಿದ್ದು ಬಂದರು. ಅವನು ತಾಯಿಯನ್ನು ಕರೆದುಕೊಂಡು ಮಾರುಕಟ್ಟೆಯ ಕಡೆ ಮನೆ ಮಾಡಿದ, ಮತ್ತೆ ಆ ಬೀದಿಗೆ ಕಾಲಿಡಲಿಲ್ಲ.

ಖಾಲಾ ಬಂದವರೇ ನನ್ನ ಪ್ರಿಂಟರನ್ನು ಬಿಚ್ಚಿದರು. ದಿಬ್ಬೂರಹಳ್ಳಿ ಮೇಷ್ಟ್ರ ಸತ್ತ ಯಂತ್ರದಿಂದ ಪಿನ್ನು ಹಾಕಿದರು. ಒಡೆದ ಚೌಕಟ್ಟನ್ನು ಹುರಿ ಮಾಡಿದ ರೇಷ್ಮೆ ದಾರದಿಂದ ಬಿಗಿದು ಮೇಣ ಸವರಿದರು. ನೋಡಲು ಗಾಯಕ್ಕೆ ಪಟ್ಟಿ ಕಟ್ಟಿದಂತಿತ್ತು, ಆದರೆ ಮುಂದೆ ಎಂಟು ವರ್ಷ ಅದು ನನಗೆ ಅನ್ನ ಹಾಕಿತು. ನನ್ನ ಕೈ ಸೊಟ್ಟಗೇ ಕೂಡಿಕೊಂಡಿತು. ಮೊದಲು ಒಂದೇ ಕೈಯಲ್ಲಿ ಟೈಪ್ ಮಾಡಿದೆ, ಆಮೇಲೆ ಒಂದೂವರೆ ಕೈಯಲ್ಲಿ. ಹೋದ ಶಾಲೆಗಳೂ ತಿರುಗಿ ಬಂದವು.

ಮೂರು ವರ್ಷದ ನಂತರ ಖಾಲಾಗೆ ಉಬ್ಬಸ ಜಾಸ್ತಿಯಾಯಿತು. ಬೇಯುವ ಗೂಡಿನ ಹಬೆ ಕುಡಿದ ಎದೆ. ಒಂದು ಬೆಳಿಗ್ಗೆ ಗೋಡೆಗೆ ಒರಗಿ ಕೂತು, "ಮೆಷೀನ್ ಹಾಕು. ನಾನು ಹೇಳ್ತೀನಿ, ಟೈಪ್ ಮಾಡು" ಎಂದರು.

ಚಿಂತಾಮಣಿಗೆ ಮದುವೆ ಮಾಡಿಕೊಟ್ಟಿದ್ದ ಮಗಳೊಬ್ಬಳು ಸ್ಟೌ ಸಿಡಿದು ತೀರಿಕೊಂಡಿದ್ದಳೆಂದು ನಾನು ಕೇಳಿದ್ದೆ. ನಾನು ಈ ಬೀದಿಗೆ ಬರುವ ಮುಂಚಿನ ಮಾತು, ಎಂಬತ್ತರ ದಶಕದ್ದು.

"ನನ್ನ ಮಗಳು ಸ್ಟೌ ಸಿಡಿದು ಸಾಯ್ಲಿಲ್ಲ. ಹಾಕು" ಎಂದರು. ನಾನು ಹಾಕಿದೆ. "ಗಂಡ ಸೀಮೆಎಣ್ಣೆ ಸುರಿದು ಕಡ್ಡಿ ಗೀರ್ದ. ಆಸ್ಪತ್ರೇಲಿ ನನ್ನ ಕಿವಿಗೆ ಅವಳೇ ಹೇಳಿದ್ಲು. ತುಟಿ ಇರಲಿಲ್ಲ ಅವಳಿಗೆ, ಆದ್ರೂ ಹೇಳಿದ್ಲು. ಹೊರಗೆ ಪೊಲೀಸ್ನೋರು ಕೇಳಿದ್ರು. ನಾನು ಸ್ಟೌ ಸಿಡೀತು ಅಂದೆ."

"ಯಾಕೆ ಖಾಲಾ?"

"ಒಂದು ವರ್ಷದ ಹೆಣ್ಣು ಕೂಸಿತ್ತು. ನಿಜ ಹೇಳಿದ್ರೆ ಆ ಕೂಸನ್ನ ಕಣ್ಣಿಗೂ ತೋರ್ಸಲ್ಲ ಅಂದ್ರು ಅಳಿಯನ ಮನೆಯೋರು. ಸುಳ್ಳು ಹೇಳ್ದೆ. ಆಮೇಲೂ ತೋರಿಸ್ಲಿಲ್ಲ." ಉಸಿರು ಎಳೆದುಕೊಂಡು, ತೆಲುಗಿನಲ್ಲಿ ಒಂದು ಬೈದರು. ಬೈದದ್ದು ಅವರನ್ನಲ್ಲ, ತಮ್ಮನ್ನೇ.

ಮೂರು ಸಲ ಓದಿ ಹೇಳಿದೆ. ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಒತ್ತಿಸಿದೆ. ಗುಂಡನೆಯ ಕಪ್ಪು ಕಲೆ ಬಂತು, ಒಳಗೆ ಒಂದು ಗೆರೆಯೂ ಇಲ್ಲ. ಒರೆಸಿ ಮತ್ತೆ ಒತ್ತಿಸಿದೆ. ಮತ್ತೆ ಹಾಗೇ. ಗೆರೆಗಳೆಲ್ಲ ಕುದಿನೀರಿಗೆ ಹೋಗಿದ್ದವು.

"ಬಿಡು. ನಂದೇ ಅಂತ ನೀನು ಹೇಳು" ಎಂದರು. ಹೇಳುತ್ತೇನೆ ಎಂದು ಮಾತು ಕೊಟ್ಟೆ. ಆರನೇ ದಿನ ತೀರಿಕೊಂಡರು. ಬೀದಿಯ ಹೆಂಗಸರೆಲ್ಲ ಎದೆ ಬಡಿದುಕೊಂಡು ಅತ್ತರು, ಕೊಡ ಸೊಟ್ಟ ಮಾಡಿಸಿಕೊಂಡವಳೂ ಕೂಡ.

ಮಾತು ಉಳಿಸಿಕೊಳ್ಳಲು ಚಿಂತಾಮಣಿಗೆ ಹೋದೆ. ಅಲ್ಲಿಯ ಠಾಣೆಯಲ್ಲಿ ಸಾಹೇಬರು ಕಾಗದವನ್ನು ಬೆಳಕಿಗೆ ಹಿಡಿದರು. "ಇದ್ರಲ್ಲಿ ಗೆರೇನೇ ಇಲ್ವಲ್ಲಮ್ಮಾ. ಅವರದೇ ಅಂತ ಯಾರು ಹೇಳ್ತಾರೆ?" ಎಂದರು. ನಾನು ಹೇಳ್ತೀನಿ ಎಂದೆ. "ನೀವು ಅವರಿಗೇನಾಗ್ಬೇಕು?" ಎದುರು ಮನೆಯವಳು ಎಂದೆ. ಅವರ ರಿಜಿಸ್ಟರಿಗೆ ಅದು ಸಾಲಲಿಲ್ಲ. ಕಾಗದ ವಾಪಸ್ ಕೊಟ್ಟರು.

ಸಿಟ್ಟು ನೆತ್ತಿಗೇರಿತ್ತು. ನೇರವಾಗಿ ಆ ಅಳಿಯನ ಮನೆಗೆ ಹೋಗಿ ಬಾಗಿಲು ಬಡಿದೆ. ಅವನೇ ತೆರೆದ. ಅವನ ಹಿಂದೆ ಹದಿಮೂರು ಹದಿನಾಲ್ಕರ ಹುಡುಗಿ, ಕೈಯಲ್ಲಿ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ನಾನು ಮೆಟ್ಟಿಲ ಮೇಲೆ ನಿಂತೇ ಜೋರಾಗಿ ಓದಲು ಶುರು ಮಾಡಿದೆ. ಎರಡನೇ ಸಾಲಿಗೆ ಅವನು ಕಾಗದ ಕಿತ್ತು ಹರಿದ. ಚೀಲದಿಂದ ಇನ್ನೊಂದು ಪ್ರತಿ ತೆಗೆದೆ. ಅದನ್ನೂ ಹರಿದು, ನನ್ನನ್ನು ಎದೆಗೆ ಗುದ್ದಿ ಕೆಡವಿದ. ಮೆಟ್ಟಿಲ ಅಂಚಿಗೆ ಹಣೆ ಬಡಿದು ಹುಬ್ಬು ಸೀಳಿತು. ಚೀಲದಲ್ಲಿದ್ದ ಇಪ್ಪತ್ತು ಪ್ರತಿಗಳು ಬೀದಿಯಲ್ಲಿ ಹರಡಿದವು. ಜನ ಸೇರಿದರು.

"ಯಾರೇ ಇದನ್ನ ಪ್ರಿಂಟ್ ಮಾಡಿದ್ದು?" ಎಂದು ಅವನು ಅರಚಿದ.

"ನಾನು" ಎಂದೆ.

ಹುಡುಗಿ ಮೆಟ್ಟಿಲಿಳಿದು ಬಂದು, ಹಿಟ್ಟಿನ ಕೈಯನ್ನು ಲಂಗಕ್ಕೆ ಒರೆಸಿ, ಒಂದು ಕಾಗದ ಎತ್ತಿಕೊಂಡಳು. ಅವಳು ಉರ್ದು ಶಾಲೆಗಲ್ಲ, ಕನ್ನಡ ಶಾಲೆಗೆ ಹೋಗುತ್ತಿದ್ದಳು, ಅದು ನಮ್ಮ ಪುಣ್ಯ. "ಕೊಡೇ ಇಲ್ಲಿ" ಎಂದು ಅವಳಪ್ಪ ಕೆನ್ನೆಗೆ ಹೊಡೆದ. ಕೊಡಲಿಲ್ಲ. ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, "ನಮ್ಮಮ್ಮನ ಹೆಸರು ಇದ್ರಲ್ಲಿ ಎಲ್ಲೈತೆ?" ಎಂದು ಕೇಳಿದಳು. ತೋರಿಸಿದೆ. ನನ್ನ ಹುಬ್ಬಿನ ರಕ್ತ ಆ ಸಾಲಿನ ಮೇಲೇ ತೊಟ್ಟಿಕ್ಕಿತು. ಅವಳು ಅದನ್ನು ಹೆಬ್ಬೆರಳಿನಿಂದ ಒರೆಸಿ ಎದ್ದು ನಿಂತು, ಬೀದಿಗೆಲ್ಲ ಕೇಳುವಂತೆ ಮೊದಲಿನಿಂದ ಓದಿದಳು. ಅಪ್ಪ ಅವಳ ಜಡೆ ಹಿಡಿದು ಎಳೆಯುತ್ತಲೇ ಇದ್ದ, ಜನ ಅವನ ಕೈ ಬಿಡಿಸುತ್ತಿದ್ದರು. ಅವಳು ಕೊನೆಯ ಸಾಲಿನವರೆಗೂ ಓದಿದಳು.